ಡಬ್ಲಿನಿಯಾ: ಮೂಲವು ಅಳಿದ ಮೇಲೆ ಉಳಿದ ವ್ಯಾಖ್ಯಾನ

ಒಂದು ಪಟ್ಟಣದ ಪೂರ್ವಚರಿತ್ರೆಯನ್ನು ತಿಳಿಯಬಯಸುವವನು ಮೊದಲು ಕೈಹಾಕುವುದು ಬರಹಕ್ಕೆ. ಶಾಸನ, ದಾನಪತ್ರ, ವರುಷವರುಷದ ದಾಖಲೆ, ಪರದೇಶದವರ ಪ್ರವಾಸಕಥನ, ಕಾವ್ಯಗಳ ಪುರವರ್ಣನೆ ಇವು ಆತನ ಸಾಧನಗಳು. ಇವುಗಳಿಂದ ಅರಸರ ಹೆಸರು, ಯುದ್ಧಗಳ ಕಾಲ, ದತ್ತಿಗಳ ಪ್ರಮಾಣ ಮೊದಲಾದುವು ತಿಳಿದುಬರುವುವು. ಆದರೆ ಆ ಊರಿನ ಚಮ್ಮಾರನ ಮನೆಗೆ ಬಾಗಿಲುಗಳು ಎಷ್ಟಿದ್ದುವು, ಒಲೆಯನ್ನು ಎಲ್ಲಿ ಹೂಡಿದ್ದರು, ಮಕ್ಕಳು ಏನನ್ನು ಹಿಡಿದು ಆಡುತ್ತಿದ್ದರು ಎಂದು ಕೇಳಿದರೆ ಬರಹವು ಬಹುಮಟ್ಟಿಗೆ ಮೌನವನ್ನು ತಾಳುವುದು. ನಮ್ಮ ಕಾವ್ಯಗಳಲ್ಲಿಯೂ ಸ್ಥಿತಿ ಇದೇ. ಅಷ್ಟಾದಶ ವರ್ಣನೆಗಳಲ್ಲಿ ನಗರವೂ ಒಂದಾದುದರಿಂದ ಪಟ್ಟಣದ ವರ್ಣನೆಗೆ ಕೊರತೆಯಿಲ್ಲ. ಆದರೆ ಆ ನಗರಗಳಲ್ಲಿ ಉಪ್ಪರಿಗೆಗಳು ಹೇರಳ, ಗುಡಿಸಲುಗಳು ವಿರಳ.

ಬರಹವು ಹೇಳದುದನ್ನು ಕೆಲವೆಡೆ ಮಣ್ಣು ಹೇಳುವುದುಂಟು. ಹಾಗೆ ಮಣ್ಣು ಹೇಳಿದುದನ್ನು ಮಕ್ಕಳಿಗೂ ಸಂಸಾರವಂದಿಗರಿಗೂ ಮನಮುಟ್ಟುವಂತೆ ಏರ್ಪಡಿಸಿರುವ ಒಂದು ಪ್ರದರ್ಶನಾಲಯವು ಐರ್ಲೆಂಡಿನ ರಾಜಧಾನಿಯಾದ ಡಬ್ಲಿನ್ ನಗರದಲ್ಲಿದೆ. 1993ರಲ್ಲಿ ತೆರೆದ ಇದಕ್ಕೆ ನಗರದ ಹೆಸರಿನ ಲ್ಯಾಟಿನ್ ರೂಪವನ್ನೇ ಇಟ್ಟು ‘ಡಬ್ಲಿನಿಯಾ’ ಎಂದು ಕರೆದಿರುವರು. ಬೊಂಬೆಗಳು, ಕೃತಕವಾದ ಬೀದಿಗಳು, ಕೂಗಾಟದ ಸದ್ದುಗಳು, ತೊಟ್ಟು ನೋಡುವುದಕ್ಕೆ ಹಳೆಯ ಕಾಲದ ಉಡುಪುಗಳು ಇವುಗಳಿಂದ ತುಂಬಿದ ಇಂಥ ಸ್ಥಳವನ್ನು ಹುಡುಗರ ಆಟವೆಂದು ವಿದ್ವಾಂಸರು ಬದಿಗಿಡುವುದು ಸಹಜ. ಆದರೆ ಹಳೆಯ ಗ್ರಂಥಗಳ ಸಂಪಾದನೆಯಲ್ಲಿ ಕೈಯಾಡಿಸಿದವರಿಗೆ ಈ ಪ್ರದರ್ಶನಾಲಯವು ಬೇರೊಂದು ಬಗೆಯಲ್ಲಿ ಪರಿಚಿತವಾಗಿ ಕಾಣುವುದು. ಮೂಲಪ್ರತಿ ನಷ್ಟವಾಗಿ, ಅಲ್ಲಲ್ಲಿ ಉದ್ಧೃತವಾದ ಪದ್ಯಗಳೂ ಒಂದು ವ್ಯಾಖ್ಯಾನವೂ ಮಾತ್ರ ಉಳಿದಿರುವ ಕಾವ್ಯವನ್ನು ನಾವು ಹೇಗೆ ಓದುವೆವೋ ಇದನ್ನೂ ಹಾಗೆಯೇ ಓದಬೇಕಾಗಿದೆ. ಆ ಮೂಲವು ಯಾವುದು, ಅದು ನಷ್ಟವಾದುದು ಹೇಗೆ ಎಂಬುದನ್ನು ಮೊದಲು ಹೇಳಬೇಕು.

ಡಬ್ಲಿನ್ ನಗರಕ್ಕೆ ಎರಡು ಹೆಸರುಗಳಿವೆ. ಐರಿಷ್ ಭಾಷೆಯ ‘ದುವ್ ಲಿನ್’ ಎಂದರೆ ಕರಿಯ ಮಡು. ಇದರಿಂದ ಇಂದಿನ ಹೆಸರು ಬಂದಿತು. ಐರಿಷರು ಇಂದಿಗೂ ಬಳಸುವ ಇನ್ನೊಂದು ಹೆಸರಿಗೆ, ತಡಿಕೆ ಹಾಸಿ ಹೊಳೆಯನ್ನು ಹಾಯುವ ಎಡೆಯಲ್ಲಿರುವ ಊರು ಎಂದು ಅರ್ಥ. ಈ ತಡಿಕೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬರುವುದು. ಕ್ರಿ. ಶ. 841ರಲ್ಲಿ, ಉತ್ತರದ ಕಡಲುಗಳಿಂದ ಹಡಗೇರಿ ಬಂದ ನಾರ್ಸ್ ಜನರು, ಎಂದರೆ ವೈಕಿಂಗರು, ಲಿಫಿ ನದಿಯ ದಡದಲ್ಲಿ ಹಡಗುಗಳ ಬೀಡೊಂದನ್ನು ಕಟ್ಟಿಕೊಂಡರೆಂದು ಐರಿಷ್ ವಾರ್ಷಿಕ ದಾಖಲೆಗಳು ತಿಳಿಸುವುವು. ಹತ್ತನೆಯ ಶತಮಾನದಲ್ಲಿ ಆ ನೆಲೆಯೇ ಪಟ್ಟಣವಾಗಿ ಬೆಳೆಯಿತು. 1170ರಲ್ಲಿ ಆಂಗ್ಲೋ-ನಾರ್ಮನ್ನರು ಅದನ್ನು ಹಿಡಿದರು. ಮುಂದೆ ಮಠಗಳು ಮುಚ್ಚಿಹೋದ 1540ರ ಸುಮಾರಿನವರೆಗಿನ ಕಾಲವನ್ನು ಅಲ್ಲಿಯ ಮಧ್ಯಯುಗವೆಂದು ಹೇಳುವ ರೂಢಿ.

ಪ್ರದರ್ಶನಾಲಯವು ಕ್ರೈಸ್ಟ್ ಚರ್ಚ್ ಎಂಬ ಮಹಾದೇವಾಲಯಕ್ಕೆ ಸೇರಿದ ಹಳೆಯ ಸಭಾಮಂದಿರದಲ್ಲಿದೆ. 1870ರ ದಶಕದಲ್ಲಿ, ವಿಸ್ಕಿಯ ವ್ಯಾಪಾರದಿಂದ ಧನಿಕನಾದ ಹೆನ್ರಿ ರೋ ಎಂಬವನ ವೆಚ್ಚದಲ್ಲಿ, ಶಿಲ್ಪಿ ಜಾರ್ಜ್ ಎಡ್ಮಂಡ್ ಸ್ಟ್ರೀಟನು ದೇವಾಲಯವನ್ನು ಜೀರ್ಣೋದ್ಧಾರ ಮಾಡುವಾಗ ಇದನ್ನೂ ಕಟ್ಟಿಸಿದನು. ಮಂದಿರವನ್ನೂ ದೇವಾಲಯವನ್ನೂ ಒಂದು ಕಲ್ಲಿನ ಮೇಲ್ಸೇತುವೆ ಕೂಡಿಸುವುದು. ಆ ಸೇತುವೆಯ ಕೆಳಗೆ ಇಳಿಜಾರಾಗಿ ನದಿಯ ಕಡೆಗೆ ಹೋಗುವ ಬೀದಿಯೇ ವೈನ್‌ಟ್ಯಾವರ್ನ್ ಬೀದಿ. ನಮ್ಮ ಮಾತಿನಲ್ಲಿ ದ್ರಾಕ್ಷಾರಸದ ಅಂಗಡಿಗಳ ಬೀದಿ. ಅದರ ಕೊನೆಯಲ್ಲಿ, ನದಿಯ ಅಂಚಿಗೆ, ವುಡ್ ಕೀ ಎಂಬ ಸ್ಥಳವಿದೆ. ಮೂಲಪ್ರತಿಯಿದ್ದುದು ಅಲ್ಲಿ.

ಈ ಹಳೆಯ ನಗರಭಾಗದ ಉತ್ಖನನವು 1960ರ ದಶಕದ ಮೊದಲಿನಲ್ಲಿಯೇ ಆರಂಭವಾಗಿದ್ದಿತು. ಹೈ ಬೀದಿಯಲ್ಲಿಯೂ ವೈನ್‌ಟ್ಯಾವರ್ನ್ ಬೀದಿಯಲ್ಲಿಯೂ ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಪರವಾಗಿ ಬ್ರೆಂಡನ್ ಓ ರಿಯರ್ಡಾನನು ಅಗೆಯಿಸಿ, ಚಮ್ಮಾರರ ತೊಗಲಿನ ಚೂರುಗಳ ರಾಶಿಗಳನ್ನೂ ಜಿಂಕೆಯ ಕೊಂಬಿನಿಂದ ಬಾಚಣಿಗೆ ಮಾಡುವವರ ಕಸವನ್ನೂ ಬೆಳಕಿಗೆ ತಂದನು. 1974ರಿಂದ 1981ರವರೆಗೆ ವುಡ್ ಕೀಯಲ್ಲಿಯೂ ಅದಕ್ಕೆ ತಗುಲಿದ ಫಿಶಾಂಬಲ್ ಬೀದಿಯಲ್ಲಿಯೂ ಪ್ಯಾಟ್ರಿಕ್ ವಾಲೇಸನ ನೇತೃತ್ವದಲ್ಲಿ ನಡೆದ ಉತ್ಖನನವು ಇವೆಲ್ಲವನ್ನೂ ಮೀರಿಸಿತು. ನೂರಕ್ಕೂ ಹೆಚ್ಚು ಮನೆಗಳ ಕುರುಹುಗಳು, ಒಂದರ ಮೇಲೊಂದಾಗಿ, ಓಲೆಗರಿಗಳ ಕಟ್ಟಿನಂತೆ ದೊರೆತುವು.

ಆದರೆ ಆ ಸ್ಥಳವು ನಗರಸಭೆಯ ವಶದಲ್ಲಿದ್ದಿತು. ಅಲ್ಲಿ ತನ್ನ ಕಚೇರಿಗಳನ್ನು ಕಟ್ಟಿಸಬೇಕೆಂದು ಅದು ನಿಶ್ಚಯಿಸಿದ್ದಿತು. ಇದನ್ನು ತಡೆಯಲು ಮುಂದೆ ಬಂದವನು ಸೇನಾನಿಯಲ್ಲ, ರಾಜಕಾರಣಿಯೂ ಅಲ್ಲ. ಅಗಸ್ಟೀನಿಯನ್ ಪಂಥದ ಸಂನ್ಯಾಸಿಯೂ ವಿಶ್ವವಿದ್ಯಾನಿಲಯದಲ್ಲಿ ಮಧ್ಯಯುಗದ ಇತಿಹಾಸದ ಪ್ರಾಧ್ಯಾಪಕನೂ ಆಗಿದ್ದ ಎಫ್. ಎಕ್ಸ್. ಮಾರ್ಟಿನ್ ಎಂಬಾತನು. ಆತನು ನ್ಯಾಯಾಲಯದ ಮೆಟ್ಟಿಲನ್ನೇರಿದನು. 1978ರ ಜೂನ್ ತಿಂಗಳಿನಲ್ಲಿ ಉಚ್ಚ ನ್ಯಾಯಾಲಯವು ಆ ಸ್ಥಳವನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿತು. ಅದೇ ವರ್ಷ ಸೆಪ್ಟೆಂಬರ್ 23ರಂದು ಸುಮಾರು 20,000 ಜನರು ವುಡ್ ಕೀಯನ್ನು ಉಳಿಸಿರೆಂದು ಬೀದಿಗಳಲ್ಲಿ ಮೆರವಣಿಗೆ ಹೋದರು. ಹಳೆಯ ಮನೆಗಳ ಕೊಳೆತ ಅಡಿಪಾಯಗಳಿಗಾಗಿ ಇಷ್ಟು ಜನ ಬೀದಿಗಿಳಿದ ನಿದರ್ಶನ ಬೇರೆಡೆ ಸುಲಭವಾಗಿ ಸಿಕ್ಕುವಂಥದಲ್ಲ. 1979ರ ಜೂನ್ 1ರಂದು ಮಾರ್ಟಿನನೂ ಕವಿ ತಾಮಸ್ ಕಿನ್ಸೆಲ್ಲನೂ ಮತ್ತಿತರರೂ ಆ ಸ್ಥಳದೊಳಕ್ಕೆ ನುಗ್ಗಿ ಮೂರು ವಾರಗಳ ಕಾಲ ಅಲ್ಲಿಯೇ ಬೀಡುಬಿಟ್ಟರು. ಹನ್ನೊಂದನೆಯ ಶತಮಾನದಲ್ಲಿ ಡಬ್ಲಿನನ್ನು ಆಳಿದ ನಾರ್ಸ್ ಅರಸನ ಹೆಸರನ್ನು ಹಿಡಿದು ಆ ಕಾರ್ಯಕ್ಕೆ ‘ಸಿಟ್ರಿಕ್ ಕಾರ್ಯಾಚರಣೆ’ ಎಂಬ ಹೆಸರನ್ನಿಟ್ಟಿದ್ದರು. ಇದರಿಂದ ಉತ್ಖನನಕ್ಕೆ ಇನ್ನಷ್ಟು ಕಾಲಾವಕಾಶ ದೊರೆಯಿತು. ಸ್ಥಳ ಮಾತ್ರ ಉಳಿಯಲಿಲ್ಲ. ಸ್ಮಾರಕವೆಂದು ಸಾರಿದುದನ್ನು ಕೀಳುವುದಕ್ಕೂ ಕಾನೂನಿನಲ್ಲಿಯೇ ದಾರಿಯಿದ್ದಿತು. 1986ರ ವೇಳೆಗೆ ಅಲ್ಲಿ ಎರಡು ಭಾರಿಯಾದ ಕಟ್ಟಡಗಳು ಎದ್ದು ನಿಂತುವು. ಊರಿನವರು ಅವನ್ನು ಯುದ್ಧಕಾಲದ ಕಾವಲುಗೂಡುಗಳಿಗೆ ಹೋಲಿಸಿ ಹಾಸ್ಯಮಾಡಿದರು. ಸುಮಾರು 1100ರ ಕಾಲದ ಕಲ್ಲಿನ ಕೋಟೆಗೋಡೆಯ ಒಂದು ಭಾಗವು ಆ ಕಚೇರಿಗಳ ನೆಲಮಾಳಿಗೆಯಲ್ಲಿ ಇಂದಿಗೂ ಇದೆ.

ವುಡ್ ಕೀಯ ಮಣ್ಣಿನ ವಿಶೇಷವೇನು? ಸಾಮಾನ್ಯವಾಗಿ ನೆಲದಲ್ಲಿ ಹೂತ ಮರ, ತೊಗಲು, ಬಟ್ಟೆ ಇವು ಕೆಲವು ವರ್ಷಗಳಲ್ಲಿ ಕೊಳೆತುಹೋಗುವುವು. ಕಲ್ಲು, ಲೋಹ, ಮಡಕೆಯ ಚೂರುಗಳು ಮಾತ್ರ ಉಳಿಯುವುವು. ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಗಾಳಿ ಬೇಕು. ನದಿಯ ಅಂಚಿನ ಈ ನೆಲವು ಸದಾ ನೀರಿನಿಂದ ತೊಯ್ದು, ತಲೆಮಾರುಗಳ ಕಸಗೊಬ್ಬರದಿಂದ ಬಿಗಿದಿದ್ದುದರಿಂದ ಗಾಳಿಯಾಡಲು ಎಡೆಯಿರಲಿಲ್ಲ. ಆದುದರಿಂದ ಬೇರೆಡೆ ಮೊದಲು ಅಳಿಯುವ ವಸ್ತುಗಳೇ ಇಲ್ಲಿ ಉಳಿದುವು. ಬೆಲೆಯುಳ್ಳ ಬೆಳ್ಳಿಯನ್ನು ಒಡೆಯರು ಜೊತೆಗೊಯ್ದರು. ಬಿಸುಟುಹೋದ ಹಳೆಯ ಜೋಡು, ಹಣ್ಣಿನ ಬೀಜ, ಶೌಚದ ಗುಂಡಿಯಲ್ಲಿ ಒರಸಿಕೊಳ್ಳಲು ಬಳಸಿದ ಪಾಚಿ ಇವೇ ಚರಿತ್ರೆಗೆ ದಕ್ಕಿದುವು.

ಅಲ್ಲಿಯ ಮನೆಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಸುಮಾರು 8 ಮೀಟರು ಉದ್ದ, 5 ಮೀಟರಿಗೂ ಕಡಿಮೆ ಅಗಲ, ಮೂಲೆಗಳು ದುಂಡಗೆ, ಎರಡು ತುದಿಗಳಲ್ಲಿ ಎರಡು ಬಾಗಿಲು, ಮಾಡನ್ನು ಹೊರುವುದಕ್ಕೆ ಒಳಗಡೆ ನಾಲ್ಕು ಕಂಬ, ನಡುವೆ ಒಲೆ, ಎರಡು ಪಕ್ಕಗಳಲ್ಲಿ ಕುಳಿತು ಮಲಗುವುದಕ್ಕೆ ಜಗಲಿ. ಗೋಡೆಗಳು ಗೂಟಗಳ ನಡುವೆ ಹೆಣೆದ ಕಡ್ಡಿಯ ತಡಿಕೆಗಳು. ಊರಿನ ಐರಿಷ್ ಹೆಸರಿನಲ್ಲಿರುವ ತಡಿಕೆಯೇ ಊರಿನ ಗೋಡೆಗಳಲ್ಲಿಯೂ ಇದ್ದಿತೆಂಬುದು ಭಾಷಾಭ್ಯಾಸಿಗಳಿಗೆ ಸಂತೋಷವನ್ನುಂಟುಮಾಡುವ ವಿಷಯ. ಇಂಥ ಮನೆ ಹೆಚ್ಚು ಕಾಲ ಬಾಳುವಂಥದಲ್ಲ. ಹಳೆಯದನ್ನು ಕೆಡಹಿ ಅದರ ಮೇಲೆಯೇ ಹೊಸದನ್ನು ಕಟ್ಟುತ್ತಿದ್ದರು. ಮನೆಗಳು ಬದಲಾದರೂ, ಒಂದು ನಿವೇಶನಕ್ಕೂ ಮತ್ತೊಂದಕ್ಕೂ ನಡುವಣ ಬೇಲಿ ಇನ್ನೂರು ವರ್ಷಗಳಷ್ಟು ಕಾಲ ಬಹುಮಟ್ಟಿಗೆ ಅದೇ ಗೆರೆಯಲ್ಲಿ ನಿಂತಿದ್ದಿತು. ಅರಸರು ಬಂದರು, ಹೋದರು. ಹಿತ್ತಿಲಿನ ಗಡಿ ಜರುಗಲಿಲ್ಲ.

ಇಲ್ಲಿ ಬರಹವೂ ಮಣ್ಣೂ ಪರಸ್ಪರ ಸಾಕ್ಷಿ ನುಡಿಯುವ ಒಂದು ಅಪೂರ್ವ ಪ್ರಸಂಗವನ್ನು ಹೇಳಬೇಕು. 989ರಲ್ಲಿ ಐರಿಷ್ ರಾಜನಾದ ಮೇಲ್ ಸೆಖ್ನಲನು ಡಬ್ಲಿನನ್ನು ಮುತ್ತಿ ಗೆದ್ದು, ಪ್ರತಿಯೊಂದು ‘ಗರ್ಧ’ಕ್ಕೆ ಒಂದು ಔನ್ಸು ಚಿನ್ನದಂತೆ ಕ್ರಿಸ್‌ಮಸ್ ರಾತ್ರಿ ಕಪ್ಪವನ್ನು ಸಲ್ಲಿಸಬೇಕೆಂದು ವಿಧಿಸಿದನೆಂದು ವಾರ್ಷಿಕ ದಾಖಲೆಯೊಂದು ಹೇಳುವುದು. (ಈ ಘಟನೆಯನ್ನು 988ರದೆಂದು ಎಣಿಸಿ, ನಗರವು 1988ರಲ್ಲಿ ತನ್ನ ಸಹಸ್ರಮಾನೋತ್ಸವವನ್ನು ಆಚರಿಸಿಕೊಂಡಿತು. ಸೋತು ಕಪ್ಪ ತೆತ್ತ ವರ್ಷವನ್ನು ಹುಟ್ಟಿದ ವರ್ಷವೆಂದು ಹಿಡಿದುದು ವಿನೋದವೇ ಸರಿ.) ಈ ‘ಗರ್ಧ’ವು ಐರಿಷಿನ ಅಚ್ಚ ಶಬ್ದವಲ್ಲ, ನಾರ್ಸ್ ಭಾಷೆಯಿಂದ ಬಂದ ಎರವಲು. ಬೇಲಿಯಿಂದ ಸುತ್ತುವರಿದ ನಿವೇಶನವೆಂದು ಅದರ ಅರ್ಥ. ಇಂಗ್ಲಿಷಿನ ‘ಯಾರ್ಡ್’ ಅದರ ದಾಯಾದಿ. ವುಡ್ ಕೀಯಲ್ಲಿ ಬೇಲಿಗಳ ಸಾಲುಗಳು ಕಣ್ಣಿಗೆ ಬಿದ್ದುದರಿಂದ, ಆ ನಿವೇಶನಗಳು ಎಣಿಸಿ ತೆರಿಗೆ ಹಾಕಬಹುದಾದ ಸ್ಥಿರವಾದ ಘಟಕಗಳಾಗಿದ್ದುವೆಂಬುದು ಸ್ಪಷ್ಟವಾಯಿತು. ಒಂದು ಎರವಲು ಶಬ್ದದ ಅರ್ಥವನ್ನು ಸನಿಕೆಯು ನಿಶ್ಚಯಿಸಿಕೊಟ್ಟಿತು. ನಮ್ಮ ಶಾಸನಗಳಲ್ಲಿ ಬರುವ ಭೂಮಾಪನದ ಎಷ್ಟೋ ಪದಗಳಿಗೆ ಇಂಥ ಭಾಗ್ಯ ಇನ್ನೂ ಒದಗಿಲ್ಲ.

ಇನ್ನು ಪ್ರದರ್ಶನಾಲಯದ ಒಳಕ್ಕೆ ಬರೋಣ. ವೈಕಿಂಗರ ಡಬ್ಲಿನ್, ಮಧ್ಯಯುಗದ ಡಬ್ಲಿನ್, ಚರಿತ್ರೆಯನ್ನು ಶೋಧಿಸುವ ವಿಧಾನ ಎಂದು ಅದರ ಭಾಗಗಳು. ಮೊದಲನೆಯದರಲ್ಲಿ ಮೇಲೆ ವರ್ಣಿಸಿದ ಮನೆಯೊಂದನ್ನು ನಿಜವಾದ ಅಳತೆಯಲ್ಲಿ ಕಟ್ಟಿರುವರು. ಒಳಹೊಕ್ಕ ಹುಡುಗನು ಆ ಇಕ್ಕಟ್ಟನ್ನು ಮೈಯಿಂದಲೇ ತಿಳಿಯುವನು. ಪುಟಗಳಲ್ಲಿ ಅಚ್ಚಾದ ನಕ್ಷೆಯಿಂದ ಈ ತಿಳಿವಳಿಕೆ ಬರುವಂತಿಲ್ಲ. ವಿದ್ವಾಂಸನು ಕೇಳಬೇಕಾದ ಪ್ರಶ್ನೆಯೊಂದಿದೆ: ಇದರಲ್ಲಿ ಪ್ರತಿಯಲ್ಲಿದ್ದ ಪಾಠವೆಷ್ಟು, ಸಂಪಾದಕನು ತುಂಬಿದ ಗ್ರಂಥಪಾತವೆಷ್ಟು? ಗೋಡೆಯ ಕೆಳಭಾಗ, ಒಲೆ, ಜಗಲಿ, ಕಂಬದ ಗುಳಿಗಳು ನೆಲದಲ್ಲಿ ಇದ್ದುವು. ಇವು ಪ್ರತಿಯ ಪಾಠ. ಮಾಡು ಯಾವ ಇಳಿಜಾರಿನಲ್ಲಿದ್ದಿತು, ಹೊಗೆ ಎಲ್ಲಿಂದ ಹೊರಟಿತು ಎಂಬುವು ಕಂಬಗಳ ನೆಲೆಯಿಂದ ಮಾಡಿದ ಅನುಮಾನ. ಮನೆಯೊಡತಿಯ ಮುಖಭಾವ, ಬೀದಿಯ ವ್ಯಾಪಾರಿಯ ಕೂಗು, ಶೌಚಸ್ಥಳದಲ್ಲಿ ಕುಳಿತು ಹುಡುಗರನ್ನು ನಗಿಸುವ ಬೊಂಬೆಯ ನರಳಾಟ ಇವು ಕೇವಲ ಕಲ್ಪನೆ. ಆ ನಗೆಯ ಬೊಂಬೆಯ ಕೆಳಗೂ ಆಧಾರವಿಲ್ಲದಿಲ್ಲ: ತಡಿಕೆಯಿಂದ ಒಳಗೋಡೆ ಹೆಣೆದ ಗುಂಡಿಗಳು ನಿಜವಾಗಿ ದೊರೆತಿವೆ. ನಮ್ಮ ಸಂಪಾದಕರು ತಾವು ಸೇರಿಸಿದ ಅಕ್ಷರಗಳನ್ನು ಕಂಸದೊಳಗಿಟ್ಟು ತೋರಿಸುವರು. ಪ್ರದರ್ಶನಾಲಯಕ್ಕೆ ಆ ಅನುಕೂಲವಿಲ್ಲ. ಮೂರು ಬಗೆಯ ಪಾಠವೂ ಅಲ್ಲಿ ಒಂದೇ ಬಣ್ಣದಲ್ಲಿರುವುದು. ಉತ್ಖನನದ ವಿಧಾನವನ್ನೂ ಎಲುಬುಗಳ ಪರೀಕ್ಷೆಯನ್ನೂ ತಿಳಿಸುವ ಭಾಗವೊಂದನ್ನು ಇಟ್ಟಿರುವುದು ಈ ಕೊರತೆಗೆ ಸ್ವಲ್ಪಮಟ್ಟಿನ ಪರಿಹಾರ. ಆದರೆ ಮಕ್ಕಳು ಅಲ್ಲಿಗೆ ಬರುವ ಹೊತ್ತಿಗೆ ದಣಿದಿರುವರು. ಅದನ್ನು ಮೊದಲಿಗೇ ಇಟ್ಟಿದ್ದರೆ ಉಚಿತವಾಗುತ್ತಿದ್ದಿತು.

ಮಕ್ಕಳನ್ನು ಉದ್ದೇಶಿಸಿ ಇಂಥದನ್ನು ಕಟ್ಟಿದುದು ಸರಿಯೇ ಎಂಬ ಸಂಶಯಕ್ಕೆ ಮಣ್ಣೇ ಉತ್ತರ ಕೊಟ್ಟಿದೆ. ಡಬ್ಲಿನ್ ನಗರದ ಉತ್ಖನನಗಳಲ್ಲಿ ಮರದ ಆಟದ ದೋಣಿ, ಆಟದ ಕುದುರೆ, ಆಟದ ಕತ್ತಿ ದೊರೆತಿವೆ. ವಾರ್ಷಿಕ ದಾಖಲೆಗಳು ಈ ಪಟ್ಟಣದ ಮಕ್ಕಳ ಆಟಗಳ ವಿಷಯವಾಗಿ ಒಂದು ಪಂಕ್ತಿಯನ್ನೂ ವ್ಯಯಿಸಿಲ್ಲ. ಕಡಲುಗಳ್ಳರೆಂದು ಪ್ರಸಿದ್ಧರಾದವರ ಮನೆಯಲ್ಲಿ ಯಾರೋ ಕುಳಿತು ಕೂಸಿಗೆ ದೋಣಿಯನ್ನು ಕೆತ್ತಿಕೊಟ್ಟಿದ್ದರು. ಎಲುಬಿನ ತುಂಡುಗಳ ಮೇಲೆ ಹೆಣಿಗೆಯ ಚಿತ್ರಗಳನ್ನು ಕೊರೆದು ಕೈ ಪಳಗಿಸಿಕೊಂಡ ಕುಶಲಕರ್ಮಿಗಳ ಅಭ್ಯಾಸಫಲಕಗಳೂ ಸಿಕ್ಕಿವೆ. ತಪ್ಪಿದ ಗೆರೆಗಳು ಅವುಗಳಲ್ಲಿ ಹಾಗೆಯೇ ಇವೆ. ಉಪಾಧ್ಯಾಯರಾದವರು ಇವನ್ನು ನೋಡಿ ಸುಮ್ಮನೆ ಮುಂದಕ್ಕೆ ಹೋಗಲಾರರು.

ಒಂದು ವಿಷಯದಲ್ಲಿ ಮಾತ್ರ ಈ ಪ್ರದರ್ಶನಾಲಯದ ರೀತಿಯನ್ನು ಒಪ್ಪುವುದು ಕಷ್ಟ. ವೈಕಿಂಗರ ಉಡುಪನ್ನು ತೊಟ್ಟು ನೋಡಿರಿ ಎಂದು ಮಕ್ಕಳನ್ನು ಕರೆಯುವಂತೆಯೇ, ಗುಲಾಮರಾಗಿ ನೋಡಿರಿ ಎಂದೂ ಕರೆದಿರುವರು. ಡಬ್ಲಿನ್ ಪಶ್ಚಿಮ ಯುರೋಪಿನ ದೊಡ್ಡ ದಾಸವಿಕ್ರಯದ ಪೇಟೆಗಳಲ್ಲೊಂದಾಗಿದ್ದಿತು. ಹನ್ನೊಂದನೆಯ ಶತಮಾನದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ರೇವಿನಿಂದ ಗಂಡಸರನ್ನೂ ಹೆಂಗಸರನ್ನೂ ಹಗ್ಗದಲ್ಲಿ ಕಟ್ಟಿ ಐರ್ಲೆಂಡಿಗೆ ಮಾರುತ್ತಿದ್ದುದನ್ನು, ವುಸ್ಟರಿನ ಧರ್ಮಾಧ್ಯಕ್ಷನಾದ ವುಲ್ಫ್‌ಸ್ಟನ್ ಎಂಬಾತನು ಆ ಊರಿಗೇ ಹೋಗಿ ಉಪದೇಶಿಸಿ ನಿಲ್ಲಿಸಿದನೆಂದು ಆತನ ಚರಿತ್ರೆಯಿಂದ ತಿಳಿದುಬರುವುದು. ಮುಂದೆ 1171-72ರಲ್ಲಿ ಇಂಗ್ಲೆಂಡಿನ ಅರಸನಾದ ಎರಡನೆಯ ಹೆನ್ರಿಯು ಡಬ್ಲಿನ್ ಪಟ್ಟಣವನ್ನು ಅದೇ ಬ್ರಿಸ್ಟಲಿನ ಜನರಿಗೆ ವಾಸಕ್ಕಾಗಿ ಶಾಸನಮುಖೇನ ದತ್ತಿಕೊಟ್ಟನು. ಆ ಸಣ್ಣ ಚರ್ಮಪತ್ರವು ನಗರದ ಪತ್ರಾಗಾರದಲ್ಲಿ ಇಂದಿಗೂ ಸುರಕ್ಷಿತವಾಗಿದೆ. ಕೊಟ್ಟವನ ಹೆಸರೂ ಪಡೆದವರ ಹೆಸರೂ ಉಳಿದುವು; ಮಾರಾಟವಾದವರ ಹೆಸರು ಉಳಿಯಲಿಲ್ಲ. ಉಡುಪು ತೊಡುವ ವಿನೋದವೂ ಸಂಕೋಲೆ ತೊಡುವ ಅನುಭವವೂ ಒಂದೇ ಸಾಲಿನಲ್ಲಿ ಬಂದರೆ, ಎರಡನೆಯದೂ ವಿನೋದವೇ ಆಗಿಬಿಡುವುದು. ವಿಷಯವನ್ನು ಮರೆಮಾಚದೆ ಮಕ್ಕಳ ಮುಂದಿಟ್ಟುದು ಮೆಚ್ಚತಕ್ಕದ್ದೇ. ಇಡುವ ರೀತಿ ರಸೌಚಿತ್ಯಕ್ಕೆ ಸೇರಿದುದು. ಹಾಸ್ಯವು ನಿಲ್ಲಬೇಕಾದ ಎಡೆಯಲ್ಲಿ ನಿಲ್ಲದಿದ್ದರೆ ಕರುಣವು ಹುಟ್ಟದು.

ಮಧ್ಯಯುಗದ ಭಾಗದಲ್ಲಿ ಸಂತೆಯ ಅಂಗಡಿಗಳು, ಧನಿಕ ವರ್ತಕನ ಮನೆ, ಅಪರಾಧಿಗಳನ್ನು ಸಿಕ್ಕಿಸುವ ಮರದ ಕೋಳ ಇವೆ. ಇವುಗಳಲ್ಲಿ ಹೆಚ್ಚಿನವು ಯುರೋಪಿನ ಯಾವ ಪಟ್ಟಣಕ್ಕಾದರೂ ಒಪ್ಪುವಂಥವು. ಆದರೆ 1348ರ ಮಹಾಮಾರಿಯನ್ನು ತೋರಿಸುವ ಎಡೆಯಲ್ಲಿ, ಸಾಹಿತ್ಯಾಭ್ಯಾಸಿಯು ಜಾನ್ ಕ್ಲಿನ್ ಎಂಬ ಸಂನ್ಯಾಸಿಯನ್ನು ನೆನೆಯುವನು. ಕಿಲ್ಕೆನ್ನಿಯ ಮಠದಲ್ಲಿದ್ದ ಈತನು ತನ್ನ ವಾರ್ಷಿಕ ದಾಖಲೆಯಲ್ಲಿ, ಆಗಸ್ಟಿನಿಂದ ಕ್ರಿಸ್‌ಮಸ್ಸಿನವರೆಗೆ ಡಬ್ಲಿನ್ನಿನಲ್ಲಿ 14,000 ಮಂದಿ ಸತ್ತರೆಂದು ಬರೆದನು. ಈ ಸಂಖ್ಯೆಯನ್ನು ಇಂದಿನ ವಿದ್ವಾಂಸರು ಹಾಗೆಯೇ ಒಪ್ಪುವುದಿಲ್ಲ. ಬರೆದು ಮುಗಿಸಿದ ಮೇಲೆ, ಮನುಷ್ಯಜಾತಿಯಲ್ಲಿ ಯಾರಾದರೂ ಬದುಕಿ ಉಳಿದರೆ ಈ ಕೆಲಸವನ್ನು ಮುಂದುವರಿಸಲೆಂದು ಬರಿಯ ಹಾಳೆಗಳನ್ನು ಬಿಟ್ಟಿರುವುದಾಗಿ ಆತನು ತಿಳಿಸಿದನು. ಅದರ ಕೆಳಗೆ ಬೇರೊಂದು ಕೈ, ಗ್ರಂಥಕರ್ತನು ಇಲ್ಲಿ ತೀರಿಕೊಂಡಂತೆ ತೋರುವುದು ಎಂಬ ಅರ್ಥದ ಟಿಪ್ಪಣಿಯನ್ನು ಸೇರಿಸಿದೆ. ಬೊಂಬೆಗಳಿಂದ ತೋರಿಸಿದ ರೋಗಕ್ಕಿಂತ ಈ ಎರಡು ಬರವಣಿಗೆಗಳ ನಡುವಣ ತೆರಪು ಹೆಚ್ಚು ಭಯವನ್ನು ಹುಟ್ಟಿಸುವುದು. ಮಣ್ಣಿನ ಸಾಕ್ಷ್ಯವನ್ನು ಎಷ್ಟೇ ಹೊಗಳಿದರೂ, ಬರಹವೇ ಹೇಳಬಲ್ಲ ಮಾತುಗಳು ಕೆಲವಿವೆ.

ಬೀದಿಗಳ ಹೆಸರುಗಳೂ ಒಂದು ಬಗೆಯ ಬರಹವೇ. ಫಿಶಾಂಬಲ್ ಎಂದರೆ ಮೀನಿನ ಅಂಗಡಿಸಾಲು. ವುಡ್ ಕೀ ಎಂಬ ಹೆಸರು ಹಡಗುಕಟ್ಟೆಗೆ ಹಾಕಿದ್ದ ಮರದ ಒತ್ತುಗೋಡೆಯನ್ನು ಸೂಚಿಸುವುದು. ಬೆಂಗಳೂರಿನ ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ವಸ್ತು ಹೋದ ಮೇಲೂ ಹೆಸರು ನಿಲ್ಲುವುದು. ಫಿಶಾಂಬಲ್ ಬೀದಿಯಲ್ಲಿ 1742ರಲ್ಲಿ ಹ್ಯಾಂಡೆಲನ ‘ಮೆಸ್ಸಾಯ’ ಎಂಬ ಪ್ರಖ್ಯಾತ ಗಾನಕೃತಿಯು ಮೊದಲ ಬಾರಿಗೆ ಕೇಳಿಬಂದಾಗಲೂ ಬೀದಿಗೆ ಮೀನಿನ ಹೆಸರೇ ಇದ್ದಿತು.

ಮೂಲಗ್ರಂಥದ ಹಾಳೆಯೊಂದು ಪರರಾಜ್ಯದ ಭಂಡಾರದಲ್ಲಿ ಸಿಕ್ಕುವುದೂ ಉಂಟಷ್ಟೆ. ಡೆನ್ಮಾರ್ಕಿನ ರೋಸ್ಕಿಲ್ಡೆಯ ಬಳಿ, ಶತ್ರುಗಳ ಹಡಗುಗಳನ್ನು ತಡೆಯಲು ಹಿಂದಿನವರು ಬೇಕೆಂದೇ ಮುಳುಗಿಸಿದ್ದ ಕೆಲವು ಹಡಗುಗಳನ್ನು 1962ರಲ್ಲಿ ಮೇಲೆತ್ತಿದರು. ಅವುಗಳಲ್ಲೊಂದು ಸುಮಾರು 30 ಮೀಟರು ಉದ್ದದ ಯುದ್ಧನೌಕೆ. ಮರದ ಕಾಂಡದಲ್ಲಿ ವರ್ಷಕ್ಕೊಂದರಂತೆ ಬೆಳೆಯುವ ಉಂಗುರಗಳ ಅಗಲವನ್ನು ಹೋಲಿಸಿ ನೋಡಿದಾಗ, ಅದರ ಓಕ್ ಮರವು ಡಬ್ಲಿನ್ನಿನ ಸುತ್ತಣ ಪ್ರದೇಶದಲ್ಲಿ ಬೆಳೆದುದೆಂದೂ ನೌಕೆಯನ್ನು 1042ರ ಸುಮಾರಿಗೆ ಕಟ್ಟಿದರೆಂದೂ ತಿಳಿದುಬಂದಿತು. ಅದರ ಪ್ರತಿಕೃತಿಯೊಂದನ್ನು ಡೆನ್ಮಾರ್ಕಿನಲ್ಲಿ ಹಳೆಯ ವಿಧಾನಗಳಿಂದಲೇ ಕಟ್ಟಿ, 2007ರಲ್ಲಿ ಕಡಲ ಮೇಲೆ ಡಬ್ಲಿನ್ನಿಗೆ ನಡಸಿಕೊಂಡು ಬಂದರು.

ಡಬ್ಲಿನಿಯಾವನ್ನು ನೋಡಹೋಗುವವರು ಅದೊಂದನ್ನೇ ನೋಡಿ ಹಿಂದಿರುಗಬಾರದು. ಅಲ್ಲಿರುವ ವಸ್ತುಗಳಲ್ಲಿ ಬಹುಪಾಲು ಪ್ರತಿಕೃತಿಗಳು. ವುಡ್ ಕೀಯ ಮೂಲವಸ್ತುಗಳನ್ನು ಕಿಲ್ಡೇರ್ ಬೀದಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇರಿಸಿರುವರು. ಮಕ್ಕಳಿದ್ದರೆ ಮೊದಲು ಡಬ್ಲಿನಿಯಾಕ್ಕೆ ಹೋಗಿ ಮನೆಯ ಒಳಗನ್ನು ಕಂಡು, ಆಮೇಲೆ ಕಿಲ್ಡೇರ್ ಬೀದಿಯ ಗಾಜಿನ ಪೆಟ್ಟಿಗೆಗಳ ಮುಂದೆ ನಿಲ್ಲುವುದು ಒಳ್ಳೆಯದು. ವಿದ್ಯಾರ್ಥಿಗಳಾದರೆ ಈ ಕ್ರಮವನ್ನು ತಿರುಗುಮುರುಗು ಮಾಡಬಹುದು. ಮೂಲವನ್ನು ಕಂಡವರಿಗೆ ವ್ಯಾಖ್ಯಾನಕಾರನ ಕೈ ಎಲ್ಲಿ ಆಡಿದೆಯೆಂಬುದು ಬೇಗ ತಿಳಿಯುವುದು.

ಪ್ರದರ್ಶನಾಲಯದಿಂದ ಹೊರಡುವ ಮುನ್ನ ಅದಕ್ಕೆ ಸೇರಿಕೊಂಡಿರುವ ಸಂತ ಮೈಕೇಲನ ಹಳೆಯ ದೇವಾಲಯದ ಗೋಪುರವನ್ನು ಹತ್ತಬಹುದು, ಮೆಟ್ಟಿಲುಗಳು 96. ಮೇಲಿನಿಂದ ಲಿಫಿ ನದಿಯೂ ಕ್ರೈಸ್ಟ್ ಚರ್ಚಿನ ಮಾಡುಗಳೂ ಕಾಣುವುವು. ಇವೆರಡರ ನಡುವೆ, ಬೇಲಿಗಳ ಗೆರೆ ಇನ್ನೂರು ವರ್ಷ ಜರುಗದೆ ನಿಂತಿದ್ದ ಆ ಇಳಿಜಾರಿನಲ್ಲಿ, ನಗರಸಭೆಯ ಕಚೇರಿಗಳಿವೆ.